ಸಾರಿನ ಬೆಲ್ಲ, ರಕ್ತದ ಕಣಗಿಲೆ

ನನ್ನ ಮೊಮ್ಮಗಳು ಸಿಂಧು ಇವತ್ತು ಡಾಕ್ಟರಾದಳು. ಸೂಜಿ ಚುಚ್ಚುವ ಡಾಕ್ಟರಲ್ಲ, ಸಂಶೋಧನೆಯ ಡಾಕ್ಟರು. ಅದೂ ಪರೀಕ್ಷಕರ ಮುಂದೆ ನಿಂತು ‘ಗೊತ್ತಿಲ್ಲ’ ಎಂದು ಹೇಳಿ! ಮೂರನೇ ಕ್ಲಾಸಿನಲ್ಲಿ ನಾನೂ ಅದೇ ಉತ್ತರ ಕೊಟ್ಟಿದ್ದೆ. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು; ನನ್ನ ವಿದ್ಯಾಭ್ಯಾಸ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು. ಈಗ ಸಂತೋಷಕ್ಕೆ ಕುಕ್ಕರಿನ ಸೀಟಿ ಎಣಿಸುವುದೂ ಮರೆತುಹೋಗುತ್ತಿದೆ.

ಅವಳ ಸಂಶೋಧನೆಯ ವಿಷಯ ಇಷ್ಟೇ. ಕಣಗಿಲೆಯಂಥ ಗಿಡಗಳಲ್ಲಿ ಹೃದಯಕ್ಕೆ ತಾಗುವ ವಿಷವೊಂದಿದೆಯಂತೆ. ಅದರ ದಾಯಾದಿಯೊಂದು ಮನುಷ್ಯರ ರಕ್ತದಲ್ಲೂ ಚೂರೇ ಚೂರು ಕಾಣುತ್ತದಂತೆ. ನಮ್ಮ ಮೈಯೇ ಅದನ್ನು ತಯಾರಿಸುತ್ತದೆಂದು ಒಂದು ಪಂಗಡ. ಇಲ್ಲ, ಹೊರಗಿನಿಂದ ಬಂದದ್ದು, ಅಥವಾ ರಕ್ತ ಪರೀಕ್ಷಿಸುವ ಯಂತ್ರ ಬೇರೇನನ್ನೋ ನೋಡಿ ಮೋಸಹೋಗಿದೆ ಎಂದು ಇನ್ನೊಂದು. ಈ ವಿದ್ವಾಂಸರ ಜಗಳ ಬಹಳ ವರ್ಷಗಳದೆಂದು ಕೇಳಿ ನನಗೇನೂ ಆಶ್ಚರ್ಯವಾಗಲಿಲ್ಲ. ನಾವು ತುಮಕೂರು ಬಿಟ್ಟು ಗುಜರಾತಿನ ಬರೋಡಕ್ಕೆ ಬಂದಾಗಿನಿಂದ ನಮ್ಮ ಮನೆಯಲ್ಲೂ ಅಂಥದೊಂದು ನಡೆದಿದೆ: ಸಾರಿಗೆ ಬೆಲ್ಲ ಹಾಕುವ ನನ್ನ ರೂಢಿ ತವರಿನದೆಂದು ನಾನು, ಇಲ್ಲಿನ ಸಿಹಿ ಗುಜರಾತಿ ದಾಲಿನ ಸಹವಾಸದಿಂದ ಬಂದದ್ದೆಂದು ನಮ್ಮ ಯಜಮಾನರು. ಸಾಕ್ಷಿ ಹೇಳಬೇಕಾದ ನಮ್ಮಮ್ಮ ಈಗಿಲ್ಲ.

ನಡುವೆ ನಾನೊಂದು ಎಡವಟ್ಟು ಮಾಡಿದೆ. ಸಿಂಧು ರಕ್ತದಲ್ಲಿ ಕಣಗಿಲೆ ಎಂದದ್ದೇ ತಡ, ನಾನು ದಿನಾ ಪೂಜೆಗೆ ಕೊಯ್ಯುವ ಹೂವಿನಿಂದಲೇ ಮನೆಯವರಿಗೆಲ್ಲ ವಿಷ ತಗುಲಿರಬೇಕೆಂದು ಹೆದರಿ, ಎರಡು ತಿಂಗಳು ದೇವರಿಗೆ ಬರೀ ತುಳಸಿ ಏರಿಸಿದೆ.

“ಅಜ್ಜಿ, ನಿನ್ನ ದೇವ್ರು ಡಯೆಟ್ಟಲ್ಲಿದಾನಾ?” ಎಂದಳು ಸಿಂಧು. “ಹೂ ಮುಟ್ಟಿದ್ರೆಲ್ಲ ವಿಷ ರಕ್ತಕ್ಕೆ ಹೋಗಲ್ಲ.”

ನಿನ್ನೆ ಮಾತ್ರ ಅವಳ ನಗು ಉಡುಗಿತ್ತು. “ಮಷೀನ್ ಒಂದ್ಸಲ ಇದೆ ಅನ್ನತ್ತೆ, ಒಂದ್ಸಲ ಇಲ್ಲ ಅನ್ನತ್ತೆ. ಐದು ವರ್ಷ ಆದ್ಮೇಲೆ ಖಬರ್ ನಥೀ, ಗೊತ್ತಿಲ್ಲ, ಅಂತ ಹೇಗೆ ಹೇಳ್ಲಿ? ಇದೆ ಅಂತಾನೇ ಅಂದ್ಬಿಡ್ಲಾ? ಫೇಲ್ ಮಾಡಿದ್ರೆ?”

ನಾನು ಬೆಂಚಿನ ಕಥೆ ಹೇಳಿದೆ. “ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾನೇ ಅನ್ನು ಮಗಳೇ. ನಾನು ತಲೆ ತಗ್ಗಿಸಿ ಅಷ್ಟಕ್ಕೇ ಸುಮ್ಮನಾದೆ. ನೀನು ಹಾಗೆ ಮಾಡಬೇಡ, ಯಾಕೆ ಗೊತ್ತಾಗಲಿಲ್ಲ ಅನ್ನೋದನ್ನೂ ಹೇಳು.”

ಅದನ್ನೇ ಅವಳು ಇವತ್ತು ಒಂದು ಗಂಟೆ ಹೇಳಿದಳಂತೆ, ಪರೀಕ್ಷಕರು ತಲೆದೂಗಿದರಂತೆ.

ಸಂಜೆ ಮಗ, ಸೊಸೆ, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ದೇವರ ತಲೆಯ ಮೇಲೆ ಕಣಗಿಲೆ ಮರಳಿತ್ತು. ಯಜಮಾನರು ಸಾರು ಸುರಿದುಕೊಂಡು, “ಡಾಕ್ಟ್ರೇ, ತೀರ್ಪು ಕೊಡಿ. ಈ ಬೆಲ್ಲ ನಿಮ್ಮಜ್ಜಿ ತವರಿಂದೋ, ಬರೋಡದ್ದೋ?” ಎಂದರು.

ಸಿಂಧು ಒಂದು ಸೌಟು ಕುಡಿದಳು, ಇನ್ನೊಂದು ಹಾಕಿಸಿಕೊಂಡಳು. “ಖಬರ್ ನಥೀ ತಾತ. ಇನ್ನೂ ಸ್ವಲ್ಪ ಸ್ಯಾಂಪಲ್ ಬೇಕು” ಎಂದು ಬಟ್ಟಲು ಮತ್ತೆ ಮುಂದೆ ಮಾಡಿದಳು.

ಆ ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟು, ಬಟ್ಟಲು ತುಂಬಿಸಿ, ನಾನೂ ತಟ್ಟೆ ಹಾಕಿಕೊಂಡು ಅವಳ ಪಕ್ಕದಲ್ಲೇ ಕೂತೆ.