ನೀವು ಇಡದ ಕೆಂಪು ಚುಕ್ಕಿ

ಸರೋಜಮ್ಮ, ಆ ಹನ್ನೆರಡನೆಯ ಬಾಟಲಿಯ ಮೇಲಿದ್ದ ಕೆಂಪು ಚುಕ್ಕಿ ನೀವು ಇಟ್ಟದ್ದಲ್ಲ, ನಾನು ಇಟ್ಟದ್ದು. ನಿಮ್ಮ ಮೇಜಿನ ಡ್ರಾಯರಿನಿಂದ ನಿಮ್ಮ ನೇಲ್ ಪಾಲಿಶ್ ತೆಗೆದು, ನಿಮ್ಮ ಹಾಗೆಯೇ ಕುಂಚದ ತುದಿಯನ್ನು ಸೀಸೆಯ ಬಾಯಿಗೆ ಒಮ್ಮೆ ಒರೆಸಿ ಇಟ್ಟೆ. ಒಂಬತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ನಿಮಗೆ ಹೇಳಬೇಕಾದ ಅಗತ್ಯವೇ ಇರಲಿಲ್ಲ — ನಿಮಗೆ ಅಂದೇ ಗೊತ್ತಾಗಿತ್ತು.

ಗೊತ್ತಿರುವುದನ್ನೇ ಯಾಕೆ ಬರೆಯುತ್ತಾನೆ ಎನ್ನಬೇಡಿ. ಇದರ ಒಂದು ಪ್ರತಿ ವರ್ಕ್‌ಶಾಪಿನಲ್ಲೂ ಇರುತ್ತದೆ. ನಿಮ್ಮನ್ನು ಕಂಡೇ ಇಲ್ಲದವರೂ ಓದಲಿ ಎಂದು ಮೊದಲಿನಿಂದ ಬರೆಯುತ್ತಿದ್ದೇನೆ. ನನಗೆ ಸುಸ್ತಾಗಿದೆ, ಸರೋಜಮ್ಮ. ಸುಳ್ಳನ್ನು ಕಾಯುವುದೂ ಒಂದು ಪಾಳಿಯ ಕೆಲಸವೇ, ಅದಕ್ಕೆ ವಾರದ ರಜೆ ಇರುವುದಿಲ್ಲ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಳರಸ್ತೆಯಲ್ಲಿ ನಮ್ಮದು ಗಾಳಿಯ ವಾಲ್ವ್ ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪ್. ಕೆಂಗೇರಿ ಕಡೆ ಪೇಂಟ್‌ಬಾಲ್ ಗ್ರೌಂಡ್ ಶುರುವಾದ ಮೇಲೆ ಅವರ ಬಾಟಲಿಗಳೂ ನಮ್ಮಲ್ಲಿಗೇ ಬರತೊಡಗಿದವು. ಬಣ್ಣದ ಗುಂಡು ಹಾರಿಸುವ ಆ ಬಂದೂಕಿನ ಹಿಂದೆ ಒಂದು ಗಾಳಿಯ ಬಾಟಲಿ, ಬಾಟಲಿಯ ಕತ್ತಿನಲ್ಲಿ ಒಂದು ರೆಗ್ಯುಲೇಟರ್. ಬಾಟಲಿಯೊಳಗಿನ ಒತ್ತಡ ವಿಪರೀತ. ಅದನ್ನು ಬಂದೂಕು ತಡೆದುಕೊಳ್ಳುವಷ್ಟಕ್ಕೆ ಇಳಿಸುವುದು ರೆಗ್ಯುಲೇಟರಿನ ಕೆಲಸ. ಬಿಚ್ಚಿ ಜೋಡಿಸುವವನು ನಾನು. ಎಲ್ಲಿ ಸೋರುತ್ತದೆ ಎಂದು ಹುಡುಕುವವರು ನೀವು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಗಾಳಿ ತುಂಬುವ ಬಾಯಿಗೆ, ಮೀಟರಿನ ಬುಡಕ್ಕೆ, ರೆಗ್ಯುಲೇಟರನ್ನು ತಿರುಗಿಸಿ ಕೂರಿಸಿದ ಕತ್ತಿನ ಸುತ್ತಲೂ ಒಂದೊಂದಾಗಿ ಸೋಪಿನ ನೀರು ಹಚ್ಚುತ್ತಾ ಕೂರುತ್ತಿದ್ದಿರಿ. ಒಂದು ಗುಳ್ಳೆ ಕಂಡರೂ ಬಾಟಲಿ ನನ್ನ ಮೇಜಿಗೆ ವಾಪಸ್ಸು.

ಗುಳ್ಳೆ ಬರದಿದ್ದರೂ ನಿಮಗೆ ಸಮಾಧಾನವಿಲ್ಲ. ಬಾಟಲಿಯನ್ನು ‘ಮಲಗಿಸಬೇಕು’ — ಗಾಳಿ ತುಂಬಿ, ಮೀಟರಿನ ಮುಳ್ಳು ಎಲ್ಲಿದೆ ಎಂದು ಚೀಟಿಯಲ್ಲಿ ಬರೆದು ಮನೆಗೆ ಹೋಗಬೇಕು. ಮರುದಿನ ಮುಳ್ಳು ಅಲ್ಲೇ ಇದ್ದರೆ ಮಾತ್ರ ಕೆಂಪು ಚುಕ್ಕಿ. ಅದನ್ನೂ ಬಾಟಲಿ ಮತ್ತು ರೆಗ್ಯುಲೇಟರ್ ಸೇರುವ ಗೆರೆಯ ಮೇಲೆ, ಅರ್ಧ ಅತ್ತ ಅರ್ಧ ಇತ್ತ ಬರುವಂತೆ ಇಡುತ್ತಿದ್ದಿರಿ. ಆಮೇಲೆ ಯಾರಾದರೂ ತಿರುಗಿಸಿದರೆ ಚುಕ್ಕಿ ಸೀಳಿ ಗೊತ್ತಾಗಬೇಕು ಎಂದು. ಗ್ರೌಂಡಿನ ಮ್ಯಾನೇಜರ್ ಬೇರೇನನ್ನೂ ನೋಡುತ್ತಿರಲಿಲ್ಲ. “ಅಕ್ಕನ ಕೆಂಪು ಇದ್ರೆ ಸಾಕು ಗುರು,” ಎಂದು ಬಾಟಲಿ ಎಣಿಸಿಕೊಂಡು ಹೋಗುತ್ತಿದ್ದ.

ಆ ಶನಿವಾರ ಉಲ್ಲಾಳದಲ್ಲಿ ನಿಮ್ಮ ತಂಗಿಯ ಮಗಳ ಸೀಮಂತ. ಮಧ್ಯಾಹ್ನವೇ ಹೊರಟಿರಿ. ಹನ್ನೊಂದು ಬಾಟಲಿಗೆ ಚುಕ್ಕಿ ಆಗಿತ್ತು. ಹನ್ನೆರಡನೆಯದನ್ನು ನನ್ನ ಮುಂದೆ ಇಟ್ಟಿರಿ.

“ಇದು ಉಸಿರಾಡ್ತಾ ಇದೆ ಗಂಗಣ್ಣ. ಪಕ್ಕದ ತೂತಲ್ಲಿ ಗುಳ್ಳೆ ಬರ್ತಿದೆ. ಬಿಚ್ಚಿ ರಿಂಗ್ ಬದಲಾಯಿಸಿ, ಸೋಮವಾರ ಮಲಗಿಸೋಣ.”

ರೆಗ್ಯುಲೇಟರಿನ ಪಕ್ಕದಲ್ಲಿ ಗುಂಡುಸೂಜಿ ಹೋಗುವಷ್ಟು ಒಂದು ತೂತು ಇರುತ್ತದೆ. ಅಲ್ಲಿ ಗಾಳಿ ಬಂದರೆ ಒಳಗಿನ ರಬ್ಬರ್ ರಿಂಗ್ ಕೆಟ್ಟಿದೆ ಎಂದರ್ಥ. ತಪ್ಪಿಸಿಕೊಂಡ ಗಾಳಿ ಆ ತೂತಿನಿಂದ ಹೊರಗೆ ಹೋಗುವುದರಿಂದಲೇ ದೊಡ್ಡ ಅಪಾಯ ಆಗುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹೊಸಬರಿಗೆ ಹೇಳಿಕೊಡುತ್ತಿದ್ದವನೇ ನಾನು.

ಡಬ್ಬಿಯಲ್ಲಿ ಆ ಅಳತೆಯ ರಿಂಗ್ ಇರಲಿಲ್ಲ. ಹಳೆಯದನ್ನೇ ತೊಳೆದು, ಗ್ರೀಸ್ ಹಚ್ಚಿ, ಮಗುಚಿ ಹಾಕಿದೆ. ಗುಳ್ಳೆ ನಿಲ್ಲಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಬಂದ. ಭಾನುವಾರ ಯಾವುದೋ ಕಂಪನಿಯವರ ತಂಡ ಬರುತ್ತದೆ, ಹನ್ನೆರಡೂ ಬೇಕು ಎಂದ. ಹನ್ನೊಂದೇ ಇರೋದು ಎನ್ನಬಹುದಿತ್ತು. ಒಂದೇ ಮಾತು... ಆದರೆ ನನ್ನ ಕೈಯಲ್ಲಿ ಆಗಲಿಲ್ಲ ಎಂದು ಅವನ ಮುಂದೆ ಒಪ್ಪಿಕೊಳ್ಳಲು ನನ್ನ ಜಂಭ ಬಿಡಲಿಲ್ಲ. ಆ ತೂತಿಗೆ ಒಂದು ತೊಟ್ಟು ಗಟ್ಟಿ ಅಂಟು ಬಿಟ್ಟೆ. ಐದು ನಿಮಿಷ ಕಾದು ಸೋಪಿನ ನೀರು ಹಚ್ಚಿದೆ. ಗುಳ್ಳೆ ಇಲ್ಲ. ಆ ಗಳಿಗೆಯಲ್ಲಿ ನನಗೆ ಖುಷಿಯಾಯಿತು — ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಮೇಲೆ ನಿಮ್ಮ ಡ್ರಾಯರ್ ಎಳೆದೆ.

ಮ್ಯಾನೇಜರ್ ಹನ್ನೆರಡನ್ನೂ ಒಯ್ದ. ಭಾನುವಾರ ಗ್ರೌಂಡಿನಲ್ಲಿ, ಹೊರಗೆ ಹೋಗಲು ದಾರಿ ಇಲ್ಲದ ಗಾಳಿ ಒಳಗೇ ಕೂಡಿಕೊಂಡು ರೆಗ್ಯುಲೇಟರ್ ಮುಚ್ಚದಂತೆ ಮಾಡಿತು. ಬಂದೂಕಿನ ಕಡೆಗೆ ಒತ್ತಡ ಏರುತ್ತಲೇ ಹೋಯಿತು. ಕೊನೆಗೆ ರೆಗ್ಯುಲೇಟರಿನ ಸೇಫ್ಟಿ ಬಿಲ್ಲೆ, ಒತ್ತಡ ಮಿತಿ ಮೀರಿದರೆ ಒಡೆಯುವ ತೆಳು ತಗಡು, ಸಿಡಿದು ಗಾಳಿ ಹೊರಗೆ ನುಗ್ಗಿತು. ಆಗ ಆ ಬಂದೂಕನ್ನು ಭುಜಕ್ಕೆ ಆನಿಸಿಕೊಂಡಿದ್ದವನು ಗ್ರೌಂಡಿನ ಕೆಲಸಗಾರ ಲೋಕೇಶ. ತಿಂಗಳಾದರೂ ಅವನ ಬಲಗಿವಿ ಗುಯ್ಯೆನ್ನುತ್ತಿತ್ತಂತೆ. ಆಮೇಲೆ ಸರಿಹೋಯಿತು ಎಂದು ಕೇಳಿದೆ. ಕೇಳಿದೆ ಅಷ್ಟೇ, ಹೋಗಿ ನೋಡಲಿಲ್ಲ.

ಸೋಮವಾರ ಬಾಟಲಿ ವಾಪಸ್ಸು ಬಂತು. ಕಾರಣ ಹುಡುಕು ಎಂದು ಓನರ್ ಅದನ್ನು ನನ್ನ ಕೈಗೇ ಕೊಟ್ಟರು. ತೂತಿನ ಅಂಟನ್ನು ಸೂಜಿಯಿಂದ ಕೆದಕಿ ತೆಗೆದೆ, ಊದಿದೆ, ಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಬಿಚ್ಚಿ ರಿಂಗ್ ತೋರಿಸಿದೆ. “ರಿಂಗ್ ಹೋಗಿದೆ ಸಾರ್. ಒಂದು ರಾತ್ರಿ ಮಲಗಿಸಿದ್ರೆ ಸಿಕ್ತಿತ್ತು.”

ನಿಮ್ಮನ್ನು ಕರೆಸಿದರು. ನೀವು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಿರಿ. ಆಗ ನಾನೂ ಮೊದಲ ಸಲ ಸರಿಯಾಗಿ ನೋಡಿದೆ — ಚುಕ್ಕಿ ಗೆರೆಯ ಮೇಲಿರಲಿಲ್ಲ. ಆತುರದಲ್ಲಿ ರೆಗ್ಯುಲೇಟರಿನ ನಡುವೆ ಇಟ್ಟಿದ್ದೆ.

“ಬಣ್ಣ ನಂದೇ ಸಾರ್,” ಎಂದಿರಿ. “ಚುಕ್ಕಿ ನಾನಿಟ್ಟಿದ್ದಲ್ಲ.”

ಓನರ್ ನನ್ನ ಕಡೆ ತಿರುಗಿದರು. “ನೀನೇನಾದ್ರೂ ಇಟ್ಯೇನಯ್ಯ?”

“ಇಲ್ಲ ಸಾರ್.”

ನೀವು ವಾದ ಮಾಡಲಿಲ್ಲ. ಹನ್ನೆರಡನೆಯದನ್ನು ನಿಮ್ಮ ಕೈಯಾರೆ ನನಗೆ ಕೊಟ್ಟಿರೆಂದು ಹೇಳಲಿಲ್ಲ. ನನ್ನ ಮುಖ ನೋಡುತ್ತಾ ನಿಂತಿರಿ, ನಾನೇ ಹೇಳಲಿ ಎಂದು ಕಾದಿರಿ. ನಾನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದೆ. ಕೊನೆಗೆ ನೀವು ಕನ್ನಡಕ ತೆಗೆದು ಡಬ್ಬಿಗೆ ಹಾಕಿ, ಬ್ಯಾಗು ಎತ್ತಿಕೊಂಡು ಹೋದಿರಿ. ಎಸ್ಟೇಟಿನಲ್ಲಿ ಸುದ್ದಿ ಹಬ್ಬಲು ಒಂದು ಟೀ ಕುಡಿಯುವ ಹೊತ್ತು ಸಾಕು. ನಿಮಗೆ ಅಲ್ಲಿ ಬೇರೆ ಯಾರೂ ಕೆಲಸ ಕೊಡಲಿಲ್ಲ.

ಇಲ್ಲಿಗೆ ಮುಗಿದಿದ್ದರೆ... ಮುಗಿಯಲಿಲ್ಲ. ಆಮೇಲಿನದು ನಿಮಗೂ ಗೊತ್ತಿಲ್ಲ. ಕೆಲಸಕ್ಕೆ ಹೊಸಬರು ಸೇರಿದಾಗಲೆಲ್ಲ ನಾನು ಅವರನ್ನು ಕೂರಿಸಿ ನಿಮ್ಮ ಕಥೆ ಹೇಳುತ್ತಿದ್ದೆ. ಸರೋಜ ಅಂತ ಒಬ್ಬರಿದ್ದರು, ಮಲಗಿಸದೆ ಚುಕ್ಕಿ ಇಟ್ಟುಬಿಟ್ಟರು, ನೀವು ಹಾಗೆ ಮಾಡಬೇಡಿ ಎಂದು. ಹೇಳಿ ಹೇಳಿ ಅದೇ ಒಂದು ಮಾತಾಯಿತು. ಟೆಸ್ಟ್ ಆಗದ ಬಾಟಲಿಗೆ ನಮ್ಮ ವರ್ಕ್‌ಶಾಪಿನಲ್ಲಿ ‘ಸರೋಜ’ ಎನ್ನುತ್ತಾರೆ. “ಆ ಕಡೆ ಮೂರು ಸರೋಜ ಇದೆ ನೋಡೋ.” ಇದಕ್ಕೆ ನಾನು ಒಮ್ಮೊಮ್ಮೆ ನಕ್ಕಿದ್ದೇನೆ ಕೂಡ.

ಹೋದ ವರ್ಷ ಹೇರೋಹಳ್ಳಿಯಲ್ಲಿ ಬಸ್ಸಿನಿಂದ ನಿಮ್ಮನ್ನು ಕಂಡೆ. ಗ್ಯಾಸ್ ಸ್ಟವ್ ರಿಪೇರಿ ಅಂಗಡಿ. ಮೊಣಕಾಲ ಮೇಲೆ ಸ್ಟವ್ ಇಟ್ಟುಕೊಂಡು ಪೈಪಿಗೆ ಸೋಪಿನ ನೊರೆ ಹಚ್ಚಿ, ಅದೇ ಥರ ಮೂಗಿನ ತುದಿಯ ಕನ್ನಡಕದಲ್ಲಿ ಕಾಯುತ್ತಿದ್ದಿರಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಸ್ಸು ಅಲ್ಲೇ ನಿಂತಿತ್ತು, ಬಾಗಿಲೂ ತೆರೆದಿತ್ತು. ನಾನು ಇಳಿಯಲಿಲ್ಲ.

ಹೋದ ವಾರ ಗೀತಾ ಎಂಬವರು ಟೆಸ್ಟಿಂಗ್ ಮೇಜಿಗೆ ಸೇರಿದರು. ನಲವತ್ತು ದಾಟಿದವರು, ಮೊದಲು ಗಾರ್ಮೆಂಟ್ಸಿನಲ್ಲಿದ್ದರು. ನಾನು ಆ ಕಥೆ ಹೇಳುವ ಮೊದಲೇ ಬೇರೆಯವರಿಂದ ಮಾತು ಕಲಿತುಕೊಂಡಿದ್ದರು. ಎರಡೂ ಕೈಯಲ್ಲಿ ಬಾಟಲಿ ಹಿಡಿದು ಬಂದು ಕೇಳಿದರು: “ಗಂಗಣ್ಣ, ಇದು ಸರೋಜ. ಎಲ್ಲಿಡ್ಲಿ?”

ಅವರಿಗೆ ಅದು ಮನುಷ್ಯರ ಹೆಸರೆಂದೇ ಗೊತ್ತಿರಲಿಲ್ಲ. ಸ್ಪ್ಯಾನರ್, ನಟ್ಟು ಎನ್ನುವಂತೆ ಹೇಳಿದರು. ಬಾಟಲಿಯನ್ನು ಅವರ ಕೈಯಿಂದ ತೆಗೆದು ನಾನೇ ಮೂಲೆಗಿಟ್ಟೆ.

ಈ ಸೋಮವಾರ ಎಲ್ಲರನ್ನೂ ನಿಲ್ಲಿಸಿ ಹೇಳಿದೆ. ತೂತು, ಅಂಟು, ಸೂಜಿ, ಚುಕ್ಕಿ, ಎಲ್ಲ. ಓನರಿಗೆ ಈಗ ವಯಸ್ಸಾಗಿದೆ, ಕುರ್ಚಿಯಿಂದ ಏಳಲಿಲ್ಲ. “ಇಷ್ಟು ವರ್ಷ ಆದ್ಮೇಲೆ ಯಾಕಯ್ಯ ಹೇಳ್ತಿದೀಯ?” ಎಂದಷ್ಟೇ ಕೇಳಿದರು. ಕೆಲಸ ಬಿಡಬೇಕೋ ಬೇಡವೋ ಅವರೇ ಹೇಳಲಿ ಎಂದಿದ್ದೇನೆ. ಗೋಡೆಗೆ ಒಂದು ಕಾಗದ ಅಂಟಿಸಿದ್ದೇನೆ — ಟೆಸ್ಟ್ ಆಗದ ಬಾಟಲಿಗೆ ಇನ್ನು ಮುಂದೆ ನನ್ನ ಹೆಸರು ಹೇಳಬೇಕು ಎಂದು.

ಈ ಪತ್ರವನ್ನು ಭಾನುವಾರ ನಾನೇ ತಂದುಕೊಡುತ್ತೇನೆ. ನೀವು ಓದಬೇಕಾಗಿಲ್ಲ, ಕೂರು ಎನ್ನಬೇಕಾಗಿಲ್ಲ. ಲೋಕೇಶನನ್ನೂ ಹುಡುಕುತ್ತೇನೆ. ಕ್ಷಮಿಸಿ ಎಂಬ ಮಾತನ್ನು ಮೂರು ಸಲ ಬರೆದು ಹೊಡೆದುಹಾಕಿದೆ. ಅದನ್ನು ಕೇಳುವ ಮುಖ ನನಗಿಲ್ಲ.

ಇವತ್ತು ಬೆಳಿಗ್ಗೆ ಗೀತಾ ಬಾಟಲಿ ಹಿಡಿದು ಬಂದರು. ಎದುರು ನಿಂತು, ಗೋಡೆಯ ಕಡೆ ನೋಡಿ, ತಲೆ ತಗ್ಗಿಸಿದರು.

“ಹೇಳಿಮ್ಮ,” ಎಂದೆ.

“ಇದು... ಇದು ಗಂಗಣ್ಣ.”

“ಆ ಮೂಲೇಲಿಡಿ,” ಎಂದೆ. “ಒಂದು ರಾತ್ರಿ ಮಲಗಲಿ. ನೋಡದೆ ನಂಬಬೇಡಿ.”