ಸ್ಟೀಲ್ ಜಾಲರಿ, ಹಳೇ ಸೀರೆ

ನಾನು ಸಂಡಿಗೆ ಕರಿದವಳೇ ಹೊರತು ಒಂದು ದಿನವೂ ಇಟ್ಟವಳಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ಬೆರಳಿಗೆ ಮಸಿ ತಾಗದಂತೆ ಪೆನ್ನಿಗೆ ಇಂಕು ತುಂಬುವುದನ್ನು ಕಲಿಸಿದ್ದರು. ಬೇಸಿಗೆ ರಜೆಯಲ್ಲಿ ಅಮ್ಮ ಮಹಡಿಯ ಮೇಲೆ ಬಿಸಿಲಿನಲ್ಲಿ ಸಂಡಿಗೆ ಇಡುತ್ತಿದ್ದರೆ ನಾನು ಕೆಳಗೆ ಸ್ಟೋರಿಬುಕ್ ಹಿಡಿದು ಕೂತಿರುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ತಪ್ಪೆಲ್ಲ ಇಲ್ಲಿಂದಲೇ ಹೊರಟಿದ್ದು.

ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಡಿಸೈನ್ ಕ್ಲಾಸಿನ ಮೊದಲ ದಿನ, ಪ್ರತಿ ವರ್ಷವೂ, ಬೋರ್ಡಿನ ಮೇಲೆ ಬರೆಯುತ್ತಿದ್ದ ಸಾಲು ಒಂದೇ: ಮೊದಲು ಬಳಸುವವರ ಹತ್ತಿರ ಹೋಗಿ, ಪೆನ್ಸಿಲ್ ಆಮೇಲೆ ಹಿಡಿಯಿರಿ. ಬಹಳ ಚೆನ್ನಾಗಿದೆ ಅಂತ ನನಗೇ ಅನ್ನಿಸುತ್ತಿತ್ತು.

ರಿಟೈರ್ ಆಗುವ ಹಿಂದಿನ ವರ್ಷ ನನ್ನ ಕೈಕೆಳಗೆ ನಾಲ್ಕು ಮಕ್ಕಳ ಫೈನಲ್ ಇಯರ್ ಪ್ರಾಜೆಕ್ಟ್ ಇತ್ತು. ಗುಬ್ಬಿ ಹತ್ತಿರದ ಹಳ್ಳಿಯೊಂದರಲ್ಲಿ ಹೆಂಗಸರ ಸಂಘದವರು ಸಂಡಿಗೆ ಮಾಡಿ ಮಾರುತ್ತಿದ್ದರು. ರಸ್ತೆಯ ಧೂಳೆಲ್ಲ ಅದರ ಮೇಲೆ. ಅವರಿಗೊಂದು ಸೋಲಾರ್ ಡ್ರೈಯರ್ ಮಾಡಿಕೊಡುವುದು ಕೆಲಸ. ಕಪ್ಪು ಬಳಿದ ತಗಡಿನ ಪೆಟ್ಟಿಗೆ, ಮೇಲೆ ಗಾಜು, ಬಿಸಿಗಾಳಿ ಎಳೆಯಲು ಪುಟ್ಟ ಫ್ಯಾನು, ಫ್ಯಾನಿಗೆ ಒಂದು ಸೋಲಾರ್ ಪ್ಯಾನೆಲ್.

ಬೋರ್ಡಿನ ಮಾತನ್ನು ನಂಬಿ ಹಳ್ಳಿಗೆ ಹೋದವಳು ಒಬ್ಬಳೇ. ಬೆಳ್ಳಾವಿ ಕಡೆಯ ಹುಡುಗಿ, ಮಾತು ಕಮ್ಮಿ. ಎರಡು ಭಾನುವಾರ ಆ ಹೆಂಗಸರ ಜೊತೆ ಕೂತು ಸಂಡಿಗೆ ಇಟ್ಟು ಬಂದಳಂತೆ. ಸೋಮವಾರ ನನ್ನ ರೂಮಿಗೆ ಒಂದು ಮರದ ಚೌಕಟ್ಟು ತಂದಳು. ಅದಕ್ಕೆ ಹಳೇ ಕಾಟನ್ ಸೀರೆಯ ತುಂಡನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದಿದ್ದಳು.

“ಏನಮ್ಮಾ ಇದು?”

“ಡ್ರೈಯರ್ ಟ್ರೇ, ಮೇಡಂ.”

“ಸೀರೇನಾ? ಎಕ್ಸಾಮಿನರ್ ನಗ್ತಾರೆ ಕಣೇ. ಸ್ಟೇನ್‌ಲೆಸ್ ಸ್ಟೀಲ್ ಮೆಶ್ ಹಾಕು. ನೀಟಾಗಿರುತ್ತೆ, ಹೈಜೀನಿಕ್. ಗಾಳೀನೂ ಆಡುತ್ತೆ.”

“ಹಳೇ ಸೀರೇಲೂ ಗಾಳಿ ಆಡುತ್ತೆ ಮೇಡಂ. ಸಂಡಿಗೆ ಒಣಗಿದ್ ಮೇಲೆ ಬಟ್ಟೆ ಹಿಂದ್ಗಡೆ ನೀರು ಚಿಮುಕಿಸಿ ಬಿಡಿಸ್ಬೇಕು. ಮೆಶ್ ಆದ್ರೆ…”

“ಮೆಶ್ ಆದ್ರೆ ಬೆಂಡ್ ಮಾಡಿ ತಟ್ಟಿದ್ರೆ ಬರುತ್ತೆ. ಡೋಂಟ್ ಆರ್ಗ್ಯೂ.”

“ಎಸ್ ಮೇಡಂ.”

ಚೌಕಟ್ಟನ್ನು ನಾನು ಮುಟ್ಟಿಯೂ ನೋಡಲಿಲ್ಲ. ಅವಳು ಅದನ್ನು ಎದೆಗೆ ಅವಚಿಕೊಂಡು ಹೋದಳು. ಬಾಗಿಲಲ್ಲಿ ಅದು ತಗುಲಿತು, ಅಡ್ಡ ತಿರುಗಿಸಿಕೊಂಡು ದಾಟಿದಳು. ಅಷ್ಟೂ ನೆನಪಿದೆ.

ಡ್ರೈಯರ್ ಸ್ಟೀಲ್ ಜಾಲರಿಯ ಜೊತೆ ತಯಾರಾಯಿತು. ಹಳ್ಳಿಯಲ್ಲಿ ರಿಬ್ಬನ್ ಕಟ್ ಮಾಡುವ ದಿನ, ಚೀಫ್ ಗೆಸ್ಟ್ ಎದುರಿಗೆ ಹಸಿ ಹಿಟ್ಟಿನ ರಾಡಿ ಬೇಡ ಅಂತ ಬಾಳೆಕಾಯಿ ಬಿಲ್ಲೆಗಳನ್ನು ಒಣಗಿಸಿ ತೋರಿಸಿದೆವು. ಗರಿಗರಿಯಾಗಿ ಬಂದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಡಿಗೆ ಹಿಟ್ಟನ್ನು ಆ ಜಾಲರಿಯ ಮೇಲೆ ಹಾಕಿ ನೋಡೋಣ ಅಂತ ನಾನೂ ಹೇಳಲಿಲ್ಲ, ಬೇರೆಯವರೂ ಹೇಳಲಿಲ್ಲ. ಅವಳು ಮಾತ್ರ ಹಿಂದೆ ನಿಂತು ನೋಡುತ್ತಿದ್ದಳು. ವೈವಾದಲ್ಲಿ ಒಳ್ಳೆಯ ಮಾರ್ಕ್ಸ್ ಬಂತು.

ಅವಳಿಗೆ ಮುಂದೆ ಡಿಸೈನ್ ಓದುವ ಆಸೆಯಿತ್ತು. ಅಡ್ಮಿಶನ್ನಿಗೆ ಒಂದು ಲೆಟರ್ ಕೊಡಿ ಮೇಡಂ ಅಂತ ಬಂದಳು. ‘ಸಿನ್ಸಿಯರ್ ಅಂಡ್ ಒಬೀಡಿಯಂಟ್’ ಅಂತ ಬರೆದುಕೊಟ್ಟೆ. ಹೇಳಿದ ಮಾತು ಕೇಳುವ ಹುಡುಗಿ ಅನ್ನುವುದು ನಮ್ಮ ಕಾನ್ವೆಂಟಿನಲ್ಲಿ ದೊಡ್ಡ ಹೊಗಳಿಕೆ. ಸೀಟು ಸಿಗಲಿಲ್ಲ. ನನ್ನ ಪತ್ರದಿಂದಲೇ ಅಂತ ಹೇಳಲಾರೆ. ಅಲ್ಲ ಅಂತಲೂ ಈಗ ಹೇಳಲಾರೆ.

ಎಂಟೊಂಬತ್ತು ವರ್ಷ ಕಳೆದ ಮೇಲೆ, ಹೋದ ಬೇಸಿಗೆಯಲ್ಲಿ, ಗುಬ್ಬಿಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಹತ್ತಿರವೇ ಇದೆಯಲ್ಲ ಅಂತ ಆ ಹಳ್ಳಿಗೆ ಆಟೋ ಮಾಡಿಕೊಂಡು ಹೋದೆ. ರಿಬ್ಬನ್ ಕಟ್ ದಿನ ಒಂದೇ ಸಲ ನೋಡಿದ್ದ ಅವರಿಗೆ ನನ್ನ ಗುರುತು ಸಿಗಲಿಲ್ಲ. ಡ್ರೈಯರ್ ಇನ್ನೂ ಇತ್ತು, ಫ್ಯಾನು ತಿರುಗುತ್ತಿತ್ತು. ಸಂಘದ ಹಿರಿಯಾಕೆ ಗಾಜಿನ ಮುಚ್ಚಳ ಎತ್ತಿದರು. ಒಳಗೆ ಮರದ ಚೌಕಟ್ಟುಗಳು, ಮಾಸಿದ ಹೂವಿನ ಸೀರೆ, ಅದರ ಮೇಲೆ ಸಾಲಾಗಿ ಸಂಡಿಗೆ.

“ಸ್ಟೀಲ್ ಜಾಲರಿ ಏನಾಯ್ತು?” ಅಂದೆ.

“ಅಯ್ಯೋ, ಅದಾ? ಹಿಟ್ ಹಾಕುದ್ರೆ ಅರ್ಧ ಕೆಳಕ್ಕೆ ಇಳೀತಿತ್ತು, ಇನ್ನರ್ಧ ಕಚ್ಕೊಂಡು ಪುಡಿ ಪುಡಿ. ಅಲ್ನೋಡಿ, ಕೋಳಿ ಮರಿಗೆ ಮುಚ್ಚಿದೀವಿ. ಯಾವನ್ ಮಾಡಿದ್ನೋ ಅದ್ನ, ಅವ್ನ ಮನೇಲಿ ಸಂಡಿಗೇನೇ ಇಟ್ಟಿಲ್ಲ ಅನ್ಸುತ್ತೆ!”

ಎಲ್ಲರೂ ನಕ್ಕರು. ನಾನೂ ನಗುವ ಹಾಗೆ ಮಾಡಿದೆ.

“ಮತ್ತೆ ಈ ಚೌಕಟ್ಟು?”

“ಕಾಲೇಜಿಂದ ಬತ್ತಿತ್ತಲ್ಲ, ಆ ಮಗು. ಪರೀಕ್ಷೆ ಎಲ್ಲಾ ಮುಗುದ್ ಮೇಲೆ ಒಂದಿನ ಬಂದು ತಾನೇ ಮೊಳೆ ಹೊಡ್ದು ಕೊಟ್ಟು ಹೋಯ್ತು. ಮೇಡಮ್ಮೋರಿಗೆ ಮಾತ್ರ ಹೇಳ್ಬೇಡಿ ಅಂತು. ನೀವ್ಯಾರವ್ವ?”

ಊರು ತುಮಕೂರು ಅಂದೆ. ಅಷ್ಟೇ ಅಂದೆ. ಮೂವತ್ತು ವರ್ಷ ಡಿಸೈನ್ ಕಲಿಸಿದ ನನ್ನಿಂದಲೇ, ನನ್ನ ಅತ್ಯುತ್ತಮ ಸ್ಟೂಡೆಂಟ್ ತನ್ನ ಡಿಸೈನನ್ನು ಬಚ್ಚಿಡಬೇಕಾಗಿ ಬಂದಿತ್ತು. ಹೊರಡುವಾಗ ಆಕೆ, “ನಿಮ್ ತಾವ ಹಳೇ ಕಾಟನ್ ಸೀರೆ ಇದ್ರೆ ಕಳ್ಸವ್ವ. ಈಗೆಲ್ಲಾ ಪಾಲಿಯೆಸ್ಟರೇ, ನೀರೇ ಹೀರಾಕಿಲ್ಲ,” ಅಂದರು.

ನಂಬರ್ ಹುಡುಕಿಸಿ ಒಂದು ಭಾನುವಾರ ಅವಳಿಗೆ ಫೋನ್ ಮಾಡಿದೆ. ಕುಣಿಗಲ್‌ನ ಆಫೀಸೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದಾಳೆ. ಹಳ್ಳಿಗೆ ಹೋಗಿದ್ದೆ, ಚೌಕಟ್ಟು ನೋಡಿದೆ ಅಂದೆ.

“ಸಾರಿ ಮೇಡಂ,” ಅಂದಳು.

“ನೀನ್ಯಾಕೆ ಸಾರಿ ಹೇಳ್ತೀಯಮ್ಮಾ? ತಪ್ಪು ನಂದು. ಆ ದಿನ ನಿನ್ನ ಮಾತು ಕೇಳ್ಬೇಕಿತ್ತು. ಇನ್ನೊಂದು ಲೆಟರ್ ಬರ್ಕೊಡ್ಲಾ? ಸರಿಯಾಗಿ ಬರೀತೀನಿ.”

ಅವಳು ನಕ್ಕಳು. ಕಹಿಯ ನಗುವಲ್ಲ, ಅದೇ ಕಷ್ಟವಾಯಿತು. “ಈಗ ಯಾರಿಗೆ ಕೊಡ್ಲಿ ಮೇಡಂ ಲೆಟರು? ಮಗಳು ಯುಕೆಜಿ.”

ಸಂಘಕ್ಕೆ ನಾನು ಕಾಲೇಜಿಗೆ ಉಡುತ್ತಿದ್ದ ಕಾಟನ್ ಸೀರೆಗಳನ್ನು ಕಳಿಸುತ್ತಿದ್ದೇನೆ ಅಂದೆ. ಥಟ್ಟನೆ ಅವಳ ದನಿ ಬದಲಾಯಿತು.

“ನೀವು ಗಂಜಿ ಹಾಕಿ ಉಡ್ತಿದ್ರಲ್ಲ ಮೇಡಂ, ಅವಾ? ಹಂಗೇ ಕಳಿಸ್ಬೇಡಿ. ಗಂಜಿ ಇದ್ರೆ ಸಂಡಿಗೆ ಬಟ್ಟೆಗೇ ಕಚ್ಕೊಳ್ಳುತ್ತೆ. ನಾಕೈದು ಸಲ ನೆನೆಸಿ ಒಗೀರಿ. ಆಮೇಲೆ ಒಂದು ತುಂಡು ತಗೊಂಡು, ನೀವೇ ನಾಕು ಸಂಡಿಗೆ ಇಟ್ಟು ನೋಡಿ ಮೇಡಂ. ಬಿಟ್ಕೊಂಡ್ರೆ ಮಾತ್ರ ಕಳ್ಸಿ.”

“ಆಯ್ತಮ್ಮಾ,” ಅಂದೆ.

ನಾಲ್ಕು ಸಲ ಒಗೆದಾಗಿದೆ. ನಿನ್ನೆ ಮಹಡಿಯ ಮೇಲೆ ಕೂತು, ಈ ವಯಸ್ಸಿನಲ್ಲಿ, ಮೊದಲ ಬಾರಿ ಸಂಡಿಗೆ ಇಟ್ಟೆ. ಒಂದೂ ದುಂಡಗೆ ಬರಲಿಲ್ಲ. ಇವತ್ತು ಬಟ್ಟೆಯ ಹಿಂದೆ ನೀರು ಚಿಮುಕಿಸಿ ನೋಡಿದೆ, ಇನ್ನೂ ಕಚ್ಚಿಕೊಳ್ಳುತ್ತಿದೆ. ಸೀರೆಗಳನ್ನು ಮತ್ತೆ ನೆನೆಹಾಕಿದ್ದೇನೆ.