ಹೂದಾನಿಯ ಬಂಗಾರದ ಗೆರೆ

ಮೊಮ್ಮಕ್ಕಳೇ, ಮುಂದಿನ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇವತ್ತು ತಾರಿಹಾಳದಲ್ಲಿ ಬಸ್ಸು ತಪ್ಪಿ, ಪಿಂಗಾಣಿ ಸಾಮಾನು ಮಾಡುವ ಒಂದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. "ಬಿಸಲಾಗ ಯಾಕ ನಿಂತ್ರಿ? ಒಳಗ ಬರ್ರಿ ಅವ್ವಾರ," ಎಂದು ಅಲ್ಲಿ ಕೆಲಸ ಮಾಡುವ ಶಾಂತವ್ವ ಕರೆದಳು. ನಿಮ್ಮ ಅಜ್ಜ ತಂದಿದ್ದಂಥ ಗುಲಾಬಿ ಚಿತ್ರದ ಹೂದಾನಿಗಳೇ ಅಲ್ಲಿ ಸಾಲಾಗಿದ್ದವು. ಅವುಗಳಿಗೆ ಅಂಟಿಸಿದ ಚೀಟಿಯಲ್ಲಿ 'ಕೈಯಿಂದ ಬರೆದ ಚಿತ್ರ' ಎಂದಿತ್ತು. ಆದರೆ ಆಕೆ ಅಚ್ಚು ಹಾಕಿದ ಕಾಗದವನ್ನು ನೀರಲ್ಲಿ ನೆನೆಸಿ, ಅದರ ಗುಲಾಬಿಯನ್ನು ಮೆಲ್ಲಗೆ ಜಾರಿಸಿ ಹೂದಾನಿಗೆ ಅಂಟಿಸುತ್ತಿದ್ದಳು.

ನಾನು ಕೇಳಿಯೇಬಿಟ್ಟೆ: "ಕೈಲೇ ಬರದದ್ದಂತ ನಮ್ಮನಿಯವರು ಹೆಮ್ಮಿಲೇ ತಂದಿದ್ರವ್ವಾ. ಮೋಸ ಹೋದ್ರೇನು?"

"ಪೂರಾ ಮೋಸ ಅಲ್ಲ ಬಿಡ್ರಿ. ಹೂವು ಕಾಗದದ್ದು, ಗೆರಿ ನಮ್ಮ ಕೈಯಿಂದು."

ಹೂದಾನಿಯನ್ನು ತಿರುಗುವ ಮಣೆಯ ಮೇಲಿಟ್ಟು, ಅದರ ಬಾಯಂಚಿಗೆ ಕುಂಚ ತಾಗಿಸಿ ಉಸಿರು ಹಿಡಿದಳು. ಭಟ್ಟಿಯಲ್ಲಿ ಬೆಂದ ಮೇಲೆ ಬಂಗಾರವಾಗುವ ಆ ಕಂದು ಗೆರೆ, ಸುತ್ತಿ ಬಂದು ಕೂಡುವಲ್ಲಿ ಕೂದಲೆಳೆಯಷ್ಟು ತಪ್ಪಿತು.

"ನೋಡ್ರಿ, ಇಲ್ಲೇ ನಾ ಸಿಕ್ಕೊಂಡು ಬೀಳ್ತೇನಿ!" ಎಂದು ನಕ್ಕಳು.

ನಮ್ಮ ಹೂದಾನಿಯಲ್ಲೂ ಹಾಗೆ ಗೆರೆ ಕೂಡದ ಜಾಗವೊಂದಿದೆ. ಇಷ್ಟು ವರ್ಷ ಅದನ್ನು ಕುಂದೆಂದು ಗೋಡೆಯ ಕಡೆ ತಿರುಗಿಸಿಟ್ಟಿದ್ದೆ. ಮನೆಗೆ ಹೋದೊಡನೆ ನಿಮ್ಮ ಕಣ್ಣಿಗೆ ಬೀಳುವಂತೆ ಈ ಕಡೆ ತಿರುಗಿಸಬೇಕು.